ನೀರಿನ ಪಾಳಿ

ಹನ್ನೊಂದು ದಿನಕ್ಕ ಇವತ್ತ ನಳ ಕೆಮ್ಮಿತು,
ನಸುಕಿನ್ಯಾಗ, ಮೂರೂವರಿಗೆ.
ಮೊದಲ ಗಾಳಿ, ಆಮ್ಯಾಲ ತುಕ್ಕಿನ ಬಣ್ಣ, ಆಮ್ಯಾಲ ನೀರು.
ಎದ್ದೆ. ಕೊಡಕ್ಕ ಕೈ ಹಾಕಿದ ಮ್ಯಾಲ ನೆನಪಾತು:
ಸಂಜಿ ಮುಂಬೈ ಗಾಡಿಗೆ ನಮ್ಮ ಟಿಕೀಟು.

ಆದ್ರೂ ಕೈ ಕೇಳಬೇಕಲ್ಲ.
ಹಂಡೆ ತುಂಬಿದೆ, ಬಕೀಟು ತುಂಬಿದೆ,
ಕಟ್ಟಿಟ್ಟ ಗಂಟು ಬಿಚ್ಚಿ ಬೋಗಣಿ, ತಪ್ಪೇಲಿ, ಹಾಲಿನ ಚರಿಗಿ,
ಮಗಳ ಆಟದ ಬಿಂದಗಿನೂ ಬಿಡಲಿಲ್ಲ.
ಬೆಟಗೇರ್ಯಾಗ ಹುಟ್ಟಿದಾಕಿ
ಹರಿಯೋ ನಳದ ಮುಂದ ಕೈಕಟ್ಟಿ ನಿಂದ್ರೋದು ಹ್ಯಾಂಗ?

ಓಣಿ ತುಂಬ ದೀಪ. ಪೈಪು ಎಳಿಯೋ ಸಪ್ಪಳ.
ಗ್ವಾಡಿ ಆಚೆಯಿಂದ ಹುಸೇನಬಿ:
"ನಿಮ್ಮ ಕಡಿ ಫೋರ್ಸ್ ಐತೇನ?"
"ಐತಿ ಬೂಬೂ."
ಹೋಗೋ ದಿನಕ್ಕ ಅಂತ ಬ್ಯಾರೆ ಮಾತು
ಇಬ್ಬರಿಗೂ ಸಿಗಲಿಲ್ಲ.

ನೀರಿನ ಬಿಲ್ಲಿನ ಬೆನ್ನಿಗೆ ಲೆಕ್ಕ ಬರದಿದ್ದೆ, ಪೆನ್ಸಿಲ್ಲಿಲೆ.
ಅಲ್ಲಿ ಲ್ಯಾಬಿನವರು ಕೊಡೋದು ಮೂವತ್ತೆಂಟು ಸಾವಿರ.
ಇಲ್ಲಿ ದಿನಾ ನೂರು ಮಂದಿ ರಕ್ತ ತಗದು
ಹದಿನಾಲ್ಕು ಎಣಿಸಿಕೊಂಡಾಕಿಗೆ
ಅದು ದೊಡ್ಡದು ಅನಿಸಿತ್ತು, ಬುಧವಾರದ ತನಕ.
ಡೊಂಬಿವಲಿಯ ಒಂದು ಖೋಲಿಗೆ ಹದಿನಾರು.
ಬನಶ್ರೀನ ನೋಡಿಕೊಳ್ಳೋರಿಗೆ ಎಂಟು.
ಲೋಕಲ್ ಪಾಸು, ಹಾಲು, ಗ್ಯಾಸು, ಲಿಫ್ಟಿಗೂ ಏನೋ ಒಂದು.
ಡಿಪಾಜಿಟ್ಟಿಗೆ ಅವ್ವನ ಪಾಟ್ಲಿ ಹೋದವು.
ಏಜೆಂಟಗ ಒಂದು ತಿಂಗಳ ಬಾಡಿಗಿ, ಬಾಗಲಾ ತೋರಿಸಿದ್ದಕ್ಕ.
ಕೂಡಿಸಿ ಕಳದ್ರ ಕೈಯಾಗ ಉಳಿಯೋದು
ಇಲ್ಲಿ ಉಳಿಯೋದಕ್ಕಿಂತ ಎಂಟುನೂರು ಹೆಚ್ಚು.

"ಎಂಟುನೂರಕ್ಕ ಯಾರರ ಊರು ಬಿಡ್ತಾರೇನ ಅಕ್ಕಾ?" ಅಂದ ತಮ್ಮ.
ಮ್ಯಾಲ ನೋಡಲಿಲ್ಲ ನಾ. ಅವಗೂ ಗೊತ್ತು.
ರಾತ್ರಿ ಹನ್ನೊಂದರ ಮ್ಯಾಲ ಈ ಕದಾ ಬಡಿಯೋ ಕೈ
ಓಣಿಗೆಲ್ಲ ಗೊತ್ತು. ಕೋರ್ಟಿನ ಕಾಗದ ಓದಾಕ ಬರದ ಕೈ ಅದು.
ಆ ಕೈಗೆ ಗುರುತಿಲ್ಲದ ಒಂದು ಬಾಗಲಾ,
ಆರನೇ ಮಾಳಿಗಿ ಮ್ಯಾಲ.
ಹದಿನಾರು ಸಾವಿರ ಹೆಚ್ಚೇನಲ್ಲ.
ಹೆಚ್ಚ. ಖರೇ ಹೇಳಬೇಕಂದ್ರ ಭಾಳ ಹೆಚ್ಚ.

ಬನಶ್ರೀ ಎದ್ದು ಬಂದ್ಲು, ಒಂದ ಕಾಲಿಗೆ ಸಾಕ್ಸು.
ಫೋನಿನ ಫೋಟೋದಾಗ ಆ ಖೋಲಿ ನೋಡಿ ಕೇಳಿದ್ಲು:
"ಇದು ನಮ್ಮ ಟಾಕಿ ಏನ?"
ಹಿತ್ತಲ ಟಾಕಿ ಇದಕ್ಕಿಂತ ಅಗಲ, ಅನ್ನಲಿಲ್ಲ ನಾ.
"ಅಲ್ಲಿ ನೀರು ಯಾವಾಗ ಬರ್ತಾವು?"
"ದಿನಾ ಬರ್ತಾವು."
ಆಕಿ ಮಾರಿ ಸಣ್ಣದಾತು.
"ಹಂಗಾರ ದಿನಾ ನಸುಕಿನ್ಯಾಗ ಏಳಬೇಕ?"

ಮಧ್ಯಾಹ್ನ ಟಂಟಂ ಬಂತು.
ತುಂಬಿದ್ದನ್ನೆಲ್ಲ ಬರಿದು ಮಾಡಬೇಕು, ಭಾಂಡೆ ಕಟ್ಟಬೇಕು.
ಚೆಲ್ಲಾಕ ಮನಸ ಬರಲಿಲ್ಲ.
ಹುಸೇನಬಿಯ ಡ್ರಮ್ಮಿಗೆ, ಅಸುಂಡಿ ಮಾಸ್ತರ ಕರಿಬೇವಿನ ಗಿಡಕ್ಕ,
ಮೂಲಿ ಮನಿ ಮಗ್ಗದವರ ಬಣ್ಣದ ಬಾನಿಗೆ
ಹೊತ್ತು ಹೊತ್ತು ಹಂಚಿದೆ, ಮದವಿ ಬುಂದೆದ ಹಂಗ.
ಯಾರೂ ಒಲ್ಲೆ ಅನ್ನಲಿಲ್ಲ. ನೀರಿಗೆ ಯಾರು ಒಲ್ಲೆ ಅಂತಾರ.
ಬಿಂದಗಿ ಮಾತ್ರ ಬನಶ್ರೀ ಕೊಡಲಿಲ್ಲ.
ಟೇಸನ್ನಿನ ತನಕ ತೊಡಿ ಮ್ಯಾಲ ಇಟಗೊಂಡು ಬಂದ್ಲು.
ಅರ್ಧ ರಸ್ತಾದ ತೆಗ್ಗಿಗೆ ಹೋತು, ಸ್ವಲ್ಪ ನನ್ನ ಸೀರಿಗೆ,
ಉಳಿದದ್ದು ಪ್ಲಾಟ್‌ಫಾರ್ಮಿನ ಮ್ಯಾಲ ನಿಂತು
ಒಂದ ಗುಟುಕಿಗೆ ಕುಡದು ಮುಗಿಸಿದ್ಲು,
ಕಳ್ಳರು ಬರೋದ್ರಾಗ ಮುಗಿಸಿದಂಗ.

ಹೊಳೆಆಲೂರು ದಾಟಿದ್ದ, ಸೇತುವಿ ಮ್ಯಾಲ ಗಾಡಿ ಸಾವಕಾಶ ಆತು.
ಕೆಳಗ ಮಲಪ್ರಭಾ, ಕತ್ತಲದಾಗ ಬೆಳ್ಳಗ ಒಂದು ಗೆರಿ.
ಮಲಗ್ಯಾಳ ಅಂತ ತಿಳಿದಿದ್ದೆ.
ಕಿಡಕಿಯ ಸರಳಿಗೆ ಮೂಗು ಒತ್ತಿ
ಭಾಳ ಹೊತ್ತು ನೋಡಿದ್ಲು.
"ಅವ್ವಾ," ಅಂದ್ಲು, ಯಾರಿಗೂ ಕೇಳಬಾರದನ್ನೋಹಂಗ,
"ನೀರು ಬಂದಾವು.
ಯಾರೂ ಎದ್ದ ಇಲ್ಲ."